ಫೀಸ್ ಎಷ್ಟು ಅಂತ ಹೇಳ್ರಿ, ಸಾಕು

ಶಾಲೆಯ ವೆಬ್‌ಸೈಟನ್ನು ಜನ ಯಾವ ಹೊತ್ತಿನಲ್ಲಿ ನೋಡುತ್ತಾರೆ? ಶಾಲೆ ತೆರೆದಿರುವ ಹೊತ್ತಿನಲ್ಲಿ ಎಂದೇ ನಾನು ಅಂದುಕೊಂಡಿದ್ದೆ. ನಾನು ಕೆಲಸ ಮಾಡಿದ ಶಾಲೆಯ ಗ್ರಾಫ್ ಬೇರೆಯದನ್ನೇ ಹೇಳುತ್ತಿತ್ತು. ಹಗಲೆಲ್ಲ ನೆಲಕ್ಕಂಟಿಕೊಂಡಿರುತ್ತಿದ್ದ ಗೆರೆ ರಾತ್ರಿ ಒಂಬತ್ತೂವರೆಗೆ ಮೇಲೇಳಲು ಶುರುವಾಗಿ ಹನ್ನೊಂದರ ಹೊತ್ತಿಗೆ ಇಳಿಯುತ್ತಿತ್ತು. ಊಟ ಮುಗಿಸಿ, ಪಾತ್ರೆ ತೊಳೆದು, ಮಕ್ಕಳನ್ನು ಮಲಗಿಸಿದ ಮೇಲೆ ಯಾರೋ ಮೊಬೈಲ್ ಹಿಡಿದು ಕೂರುತ್ತಿದ್ದರು. ಅವರಲ್ಲಿ ಹೆಚ್ಚಿನವರು ಬೆರಳಿಡುತ್ತಿದ್ದುದು ಒಂದೇ ಕಡೆ: ‘ಫೀ ಸ್ಟ್ರಕ್ಚರ್’.

ಆ ಪುಟದಲ್ಲಿ ಫೀಸ್ ಇರಲಿಲ್ಲ. ‘ವಿವರಗಳಿಗೆ ಶಾಲಾ ಕಚೇರಿಯನ್ನು ಸಂಪರ್ಕಿಸಿ’ ಎಂಬ ಒಂದು ಸಾಲು ಮಾತ್ರ ಇತ್ತು. ಆ ಸಾಲನ್ನು ತೆಗೆದು, ಅದಕ್ಕಿಂತ ಕೆಟ್ಟದ್ದನ್ನು ಅಲ್ಲಿ ಇಟ್ಟವನು ನಾನು.

ಎರಡು ಕೋಣೆಯ ಕಂಪನಿ

ನಾನು ದಾವಣಗೆರೆಯವನು. ಬಿಇ, ಇನ್ಫರ್ಮೇಷನ್ ಸೈನ್ಸ್. 2025ರ ಜನವರಿಯಲ್ಲಿ ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಇಂಟರ್ನ್‌ಶಿಪ್ ಹುಡುಕುತ್ತಿದ್ದೆ. ಗೆಳೆಯರೆಲ್ಲ ಬೆಂಗಳೂರಿನ ದಾರಿ ಹಿಡಿದರು. ಪಿ.ಜಿ. ಬಾಡಿಗೆಯ ಲೆಕ್ಕ ಹಾಕಿದ ಮೇಲೆ ನಾನು ಊರಲ್ಲೇ ಉಳಿದೆ. ಕೆಳಗೆ ದೋಸೆ ಹೋಟೆಲ್, ಮೇಲೆ ಎರಡು ಕೋಣೆ, ನಾಲ್ಕು ಜನ ಇದ್ದ ಒಂದು ಡಿಜಿಟಲ್ ಮಾರ್ಕೆಟಿಂಗ್ ಕಂಪನಿ ನನ್ನನ್ನು ಸೇರಿಸಿಕೊಂಡಿತು. ಕಾಲೇಜು ಮತ್ತೆ ಶುರುವಾದ ಮೇಲೂ ಸಂಜೆ ಹೊತ್ತು ಹೋಗುತ್ತಿದ್ದೆ.

ನನಗೆ ಸಿಕ್ಕ ಮೊದಲ ಕೆಲಸ ಒಂದು ಖಾಸಗಿ ಶಾಲೆಯದು. ದಾವಣಗೆರೆಯಿಂದ ಒಂದು ಗಂಟೆ ದಾರಿಯ ತಾಲ್ಲೂಕು ಕೇಂದ್ರದಲ್ಲಿ, ಎಲ್‌ಕೆಜಿಯಿಂದ ಹತ್ತನೇ ತರಗತಿವರೆಗೆ, ರಾಜ್ಯ ಪಠ್ಯಕ್ರಮದ ಇಂಗ್ಲಿಷ್ ಮಾಧ್ಯಮ ಶಾಲೆ. ಮೂರು ವರ್ಷದಿಂದ ದಾಖಲಾತಿ ಇಳಿಯುತ್ತಿತ್ತು. ಅವರು ಮಾಡದ ಪ್ರಚಾರ ಇರಲಿಲ್ಲ. ಬಸ್ ನಿಲ್ದಾಣದ ಎದುರು ಫ್ಲೆಕ್ಸ್, ಆಟೊದಲ್ಲಿ ಮೈಕ್, ಪತ್ರಿಕೆಯೊಳಗೆ ಕರಪತ್ರ, ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚು ಅಂಕ ತೆಗೆದವರ ಫೋಟೊ.

ಇದಕ್ಕೆ ಬದಲಾಗಿ ನಾವು ಮಾಡಬೇಕಿದ್ದುದು ‘ಇನ್‌ಬೌಂಡ್ ಮಾರ್ಕೆಟಿಂಗ್’. ಹೆಸರು ದೊಡ್ಡದು, ವಿಷಯ ಸರಳ. ನಾವು ಜನರ ಬಳಿ ಹೋಗಿ ಕೂಗುವುದಲ್ಲ. ಜನ ಆಗಲೇ ಹುಡುಕುತ್ತಿರುವ ಪ್ರಶ್ನೆಗೆ ಉತ್ತರ ಬರೆದಿಟ್ಟು, ಅವರೇ ನಮ್ಮನ್ನು ಹುಡುಕಿಕೊಂಡು ಬರುವಂತೆ ಮಾಡುವುದು. ಅಮೆರಿಕದಲ್ಲಿ 2006ರಲ್ಲಿ ಹಬ್‌ಸ್ಪಾಟ್ ಕಂಪನಿ ಕಟ್ಟಿದ ಬ್ರಯಾನ್ ಹ್ಯಾಲಿಗನ್ ಮತ್ತು ಧರ್ಮೇಶ್ ಶಾ ಈ ಮಾತನ್ನು ಜನಪ್ರಿಯಗೊಳಿಸಿದರು. 2009ರಲ್ಲಿ ಅದೇ ಹೆಸರಿನ ಪುಸ್ತಕವನ್ನೂ ಬರೆದರು. ಬಂದವರು ಎಲ್ಲಿಂದ ಬಂದರು, ಏನು ನೋಡಿದರು, ಎಲ್ಲಿ ಎದ್ದು ಹೋದರು ಎಂದು ಲೆಕ್ಕ ಇಡುವುದು ವೆಬ್ ಅನಲಿಟಿಕ್ಸ್.

ಕಿರಾಣಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನನ್ನಪ್ಪನಿಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ‘ಅಂಗಡಿಗೆ ಬಂದೋರನ್ನ ಎಣಿಸಬಹುದು ಬಿಡು. ಬಾಗಿಲ ತನಕ ಬಂದು ವಾಪಸ್ ಹೋದೋರು ಯಾಕೆ ಹೋದ್ರು ಅಂತ ಅದರಾಗೆ ಬರ್ತೈತೇನು?’ ಎಂದರು. ಬರುವುದಿಲ್ಲ ಎಂದು ಆಗ ನನಗೂ ಗೊತ್ತಿರಲಿಲ್ಲ.

ಬೆಂಗಳೂರಿನಿಂದ ಬಂದವರು ಯಾರು?

ಮೊದಲ ವಾರ ನಾನು ಕಲಿತದ್ದು ಅಂಕಿಗಳನ್ನು ನಂಬಬಾರದು ಎಂಬುದನ್ನು.

ಶಾಲೆಯ ಕಾರ್ಯದರ್ಶಿಯವರಿಗೆ ಡ್ಯಾಶ್‌ಬೋರ್ಡ್ ತೋರಿಸಿದಾಗ ಅವರ ಕಣ್ಣು ನೇರ ನಕ್ಷೆಯ ಮೇಲೆ ಹೋಯಿತು. ‘ಬೆಂಗಳೂರಿನಿಂದ ಇಷ್ಟೊಂದು ಜನ ನೋಡ್ತಿದ್ದಾರಾ ನಮ್ಮ ಶಾಲೆನ!’ ಎಂದು ಹಿಗ್ಗಿದರು. ನನಗೂ ಖುಷಿಯಾಯಿತು. ಆಮೇಲೆ ಅನುಮಾನ ಬಂದು, ಆ ಊರಿನ ಬಸ್ ನಿಲ್ದಾಣದಲ್ಲೇ ನಿಂತು ನನ್ನ ಮೊಬೈಲ್‌ನಿಂದ ವೆಬ್‌ಸೈಟ್ ತೆರೆದೆ. ಡ್ಯಾಶ್‌ಬೋರ್ಡ್‌ನಲ್ಲಿ ನಾನು ಬೆಂಗಳೂರಿನವನಾಗಿದ್ದೆ! ಮೊಬೈಲ್ ಡೇಟಾ ಬಳಸುವಾಗ ನಮ್ಮ ಐಪಿ ವಿಳಾಸ ಬಹಳ ಸಲ ಟೆಲಿಕಾಂ ಕಂಪನಿಯ ದೊಡ್ಡ ಕೇಂದ್ರ ಇರುವ ನಗರವನ್ನು ತೋರಿಸುತ್ತದೆ. ಪಕ್ಕದ ಹಳ್ಳಿಯ ಅಮ್ಮನೊಬ್ಬಳು ನಕ್ಷೆಯ ಮೇಲೆ ಬೆಂಗಳೂರಿನಲ್ಲಿ ಕುಳಿತಿರುತ್ತಾಳೆ.

ಎರಡನೆಯದು ‘ಡೈರೆಕ್ಟ್’ ಎಂಬ ಸಾಲು. ಅಂದರೆ ವಿಳಾಸವನ್ನು ನೇರವಾಗಿ ಟೈಪ್ ಮಾಡಿ ಬಂದವರು ಎಂದು ಮೇಲ್ನೋಟದ ಅರ್ಥ. ಅಷ್ಟುದ್ದದ ವಿಳಾಸವನ್ನು ಯಾರು ಟೈಪ್ ಮಾಡುತ್ತಾರೆ? ಅವರಲ್ಲಿ ಬಹಳಷ್ಟು ಜನ ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತಿದವರು. ಅಲ್ಲಿಂದ ಬಂದಾಗ ‘ಎಲ್ಲಿಂದ ಬಂದೆ’ ಎಂಬ ಗುರುತು ಸಾಮಾನ್ಯವಾಗಿ ಜೊತೆಗೆ ಬರುವುದಿಲ್ಲ, ಹಾಗಾಗಿ ಅವರೆಲ್ಲ ಡೈರೆಕ್ಟ್ ಲೆಕ್ಕಕ್ಕೆ ಸೇರುತ್ತಾರೆ. ಇದಕ್ಕೆ ಪರಿಹಾರವಾಗಿ ಲಿಂಕ್‌ನ ಕೊನೆಗೆ ‘ಯುಟಿಎಂ’ ಎಂಬ ಬಾಲ ಅಂಟಿಸುತ್ತೇವೆ. ಯುಟಿಎಂನ ‘ಯು’ ಅಂದರೆ ಅರ್ಚಿನ್. ಗೂಗಲ್ 2005ರಲ್ಲಿ ಕೊಂಡುಕೊಂಡ ಕಂಪನಿಯ ಹೆಸರದು. ಅದರ ಮೇಲೆಯೇ ಗೂಗಲ್ ಅನಲಿಟಿಕ್ಸ್ ಎದ್ದು ನಿಂತಿತು. ಕಂಪನಿಯ ಹೆಸರು ಮರೆತುಹೋದರೂ ಮೊದಲಕ್ಷರ ಇವತ್ತಿಗೂ ನಮ್ಮ ಲಿಂಕ್‌ಗಳ ಬಾಲದಲ್ಲಿದೆ. ಪೋಷಕರ ಗ್ರೂಪಿಗೊಂದು, ಶಿಕ್ಷಕರ ಸ್ಟೇಟಸ್‌ಗೊಂದು, ಕರಪತ್ರದ ಕ್ಯುಆರ್ ಕೋಡ್‌ಗೊಂದು ಎಂದು ಬೇರೆ ಬೇರೆ ಬಾಲ ಕಟ್ಟಿದೆ. ಸಾವಿರಗಟ್ಟಲೆ ಹಂಚಿದ ಕರಪತ್ರಕ್ಕಿಂತ ಬಸ್‌ನ ಆಯಾ ಒಬ್ಬರು ಹಾಕಿದ ಸ್ಟೇಟಸ್‌ನಿಂದ ಹೆಚ್ಚು ಜನ ಬಂದಿದ್ದರು.

ಮೂರನೆಯದು ಗೂಗಲ್ ಮ್ಯಾಪ್. ಶಾಲೆಯ ಹೆಸರು ಹುಡುಕಿದರೆ ಮೊದಲು ಕಾಣುವುದು ವೆಬ್‌ಸೈಟಲ್ಲ, ಪಕ್ಕದಲ್ಲಿ ಬರುವ ಫೋಟೊ, ಫೋನ್ ನಂಬರ್, ದಾರಿ. ಅಲ್ಲಿದ್ದುದು ಎಂದೋ ಕೆಲಸ ಬಿಟ್ಟ ಗುಮಾಸ್ತರ ನಂಬರ್. ಅದನ್ನು ಬದಲಿಸಲು ನನಗೆ ಬೇಕಾದದ್ದು ಅರ್ಧ ತಾಸು. ಆ ಇಡೀ ಇಂಟರ್ನ್‌ಶಿಪ್‌ನಲ್ಲಿ ಶಾಲೆಗೆ ನಾನು ಮಾಡಿದ ಅತಿ ದೊಡ್ಡ ಉಪಕಾರ ಅದೇ ಇರಬಹುದು.

ನಾನೇ ಹಾಕಿದ ಚಿಲಕ

ನಮ್ಮ ಕಂಪನಿಗೆ ಹಣ ಬರುತ್ತಿದ್ದುದು ‘ಲೀಡ್’ ಲೆಕ್ಕದಲ್ಲಿ. ಅಂದರೆ ಹೆಸರು ಮತ್ತು ಫೋನ್ ನಂಬರ್ ಕೊಟ್ಟ ಒಬ್ಬ ಪೋಷಕರಿಗೆ ಇಷ್ಟು ಎಂದು. ಜನವರಿಯ ಮೊದಲ ವಾರ ಬಂದ ಲೀಡ್ ಒಂಬತ್ತು. ನನ್ನ ಬಾಸ್ ಕೇಳಿದರು: ‘ಜನ ಹೆಚ್ಚು ನೋಡೋ ಪುಟ ಯಾವುದಪ್ಪಾ?’ ಫೀಸ್‌ನದು ಎಂದೆ. ‘ಮತ್ತೆ ಅಲ್ಲಿ ಫಾರ್ಮ್ ಹಾಕು.’

ಹಾಕಿದೆ. ‘ಶುಲ್ಕದ ವಿವರ ಪಡೆಯಲು ನಿಮ್ಮ ಹೆಸರು, ಮೊಬೈಲ್ ಸಂಖ್ಯೆ, ಮಗುವಿನ ಹೆಸರು, ಹುಟ್ಟಿದ ದಿನಾಂಕ ನಮೂದಿಸಿ.’ ಕೆಳಗೆ ಹಸಿರು ಬಟನ್. ಒತ್ತಿದರೆ ಫೀಸ್ ಬರುತ್ತಿರಲಿಲ್ಲ. ‘ಧನ್ಯವಾದ, ನಮ್ಮ ಸಿಬ್ಬಂದಿ ನಿಮಗೆ ಕರೆ ಮಾಡುತ್ತಾರೆ’ ಎಂದು ಬರುತ್ತಿತ್ತು.

ವಾರದೊಳಗೆ ಒಂಬತ್ತು ಇದ್ದದ್ದು ನಲವತ್ತು ದಾಟಿತು. ಬಾಸ್ ದೋಸೆ ಕೊಡಿಸಿದರು. ಡ್ಯಾಶ್‌ಬೋರ್ಡ್ ಕೂಡ ನನ್ನ ಬೆನ್ನು ತಟ್ಟಿತು. ಈಗಿನ ಗೂಗಲ್ ಅನಲಿಟಿಕ್ಸ್‌ನಲ್ಲಿ ಒಬ್ಬರು 10 ಸೆಕೆಂಡ್‌ಗಿಂತ ಹೆಚ್ಚು ಹೊತ್ತು ಇದ್ದರೆ, ಅಥವಾ ಎರಡು ಪುಟ ನೋಡಿದರೆ, ಅಥವಾ ನಾವು ಮುಖ್ಯ ಎಂದು ಗುರುತಿಸಿದ ಕೆಲಸವೊಂದನ್ನು ಮಾಡಿದರೆ ಅದು ‘ಎಂಗೇಜ್ಡ್ ಸೆಷನ್’. ಮೊದಲು ಒಂದೇ ಸಾಲು ಓದಿ ಎದ್ದು ಹೋಗುತ್ತಿದ್ದವರು ಈಗ ಫಾರ್ಮ್ ತುಂಬುತ್ತಾ ನಿಮಿಷಗಟ್ಟಲೆ ಕೂರುತ್ತಿದ್ದರು. ಪರದೆಯ ಮೇಲೆ ಎಲ್ಲ ಬಾಣಗಳೂ ಮೇಲ್ಮುಖ. ಹುಟ್ಟಿದ ದಿನಾಂಕ ಹುಡುಕಿ, ತಿದ್ದಿ ತುಂಬುತ್ತಿದ್ದವರ ಪರದಾಟವನ್ನು ಯಂತ್ರ ‘ಆಸಕ್ತಿ’ ಎಂದು ಬರೆದುಕೊಳ್ಳುತ್ತಿತ್ತು.

ಫೆಬ್ರವರಿಯ ಒಂದು ಶನಿವಾರ ಶಾಲೆಯ ಕಚೇರಿಗೆ ಹೋಗಿದ್ದೆ. ನಾನು ಕಳಿಸಿದ ಪಟ್ಟಿ ಹಿಡಿದು ಆಫೀಸ್ ಮೇಡಂ ಒಂದೊಂದೇ ನಂಬರಿಗೆ ಕರೆ ಮಾಡುತ್ತಿದ್ದರು. ಅವರಿಗೆ ಸ್ಪಷ್ಟ ಸೂಚನೆ ಇತ್ತು: ಫೋನಿನಲ್ಲಿ ಫೀಸ್ ಹೇಳಬಾರದು, ‘ಒಮ್ಮೆ ಬಂದು ಕ್ಯಾಂಪಸ್ ನೋಡಿ’ ಎನ್ನಬೇಕು. ನಾಲ್ಕೈದು ಜನ ಅರ್ಧಕ್ಕೆ ಕಟ್ ಮಾಡಿದರು. ಒಬ್ಬರು ಬೈದರು. ಆಮೇಲೆ ಒಬ್ಬ ಹೆಂಗಸು. ಸ್ಪೀಕರ್ ಆನ್ ಇತ್ತು.

‘ಮೇಡಂ, ಫೀಸ್ ಎಷ್ಟು ಅಂತ ಹೇಳ್ರಿ, ಸಾಕು.’

‘ಒಮ್ಮೆ ಬನ್ನಿ ಮೇಡಂ, ಪ್ರಿನ್ಸಿಪಾಲರೇ ಎಲ್ಲ ವಿವರಿಸ್ತಾರೆ.’

‘ಬರಾಕೆ ಅಡ್ಡಿಯಿಲ್ಲ. ಬಂದು, ಕೂತು, ಎಲ್ಲ ಕೇಳಿ, ಆಮೇಲೆ ನಮ್ಮ ಕೈಲಿ ಆಗಲ್ಲ ಅನ್ನಾಕೆ ಒಂಥರಾ ಆಗ್ತೈತಿ. ಅದಕ್ಕೇ ಮೊಬೈಲ್‌ನಾಗೆ ನೋಡಿದ್ದು.’

ಮೇಡಂ ನನ್ನ ಮುಖ ನೋಡಿದರು. ನಾನು ಪಟ್ಟಿ ನೋಡಿದೆ.

ಅಮ್ಮ ಮೂರು ಸಲ ಹೋದ ಶಾಲೆ

ರಾತ್ರಿ ಮನೆಯಲ್ಲಿ ಈ ಕಥೆ ಹೇಳಿದೆ. ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ತುಳಿಯುವುದು ನಿಲ್ಲಿಸಿ, ‘ನಿನ್ನನ್ನ ಸೇರಿಸಾಕೆ ಅಂತ ನಾನೂ ಹೋಗಿದ್ನೆಪ್ಪ ಹಂಗೆ’ ಎಂದಳು.

ನಾನು ಚಿಕ್ಕವನಿದ್ದಾಗಿನ ಮಾತು. ನನಗೆ ಆರು ವರ್ಷ. ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಒಂದು ಹೆಸರಾದ ಶಾಲೆ. ಅಮ್ಮ ಒಳ್ಳೆಯ ಸೀರೆ ಉಟ್ಟು ಹೋಗಿದ್ದಳಂತೆ. ಮೊದಲ ದಿನ ಗೇಟಿನವನು ‘ಸೋಮವಾರ ಬನ್ನಿ’ ಎಂದ. ಸೋಮವಾರ ಹೋದರೆ ಅರ್ಜಿ ಕೊಟ್ಟರು, ‘ಫೀಸ್ ವಿಷಯ ಸರ್ ಹೇಳ್ತಾರೆ’ ಎಂದರು. ಮೂರನೇ ಸಲ ಹೋದಾಗ ಸರ್ ಎದುರು ಕೂರಿಸಿದರು. ಅಪ್ಪನ ಕೆಲಸ ಏನು, ನೀವೆಷ್ಟು ಓದಿದ್ದೀರಿ ಎಂದು ಕೇಳಿದರು. ಫೀಸ್ ಎಷ್ಟು ಎಂದು ಅಮ್ಮ ಕೇಳಲೇ ಇಲ್ಲ. ಕೇಳಿದರೆ ಕಟ್ಟಲಾರದವರು ಅನ್ನಿಸಿಕೊಳ್ಳುತ್ತೇವೆ ಎಂಬ ಅಂಜಿಕೆ. ‘ಮನೆಯವರನ್ನ ಕೇಳಿ ಬರ್ತೀನಿ ಸರ್’ ಎಂದು ಎದ್ದು ಬಂದಳು. ಆ ಜೂನ್‌ನಲ್ಲಿ ನಾನು ಬೀದಿಯ ಸರ್ಕಾರಿ ಶಾಲೆಗೆ ಸೇರಿದೆ.

ಅದರ ಬಗ್ಗೆ ನನಗೆ ಬೇಸರವಿಲ್ಲ. ನನಗೆ ಗಣಿತ ಹಿಡಿಸಿದ್ದೇ ಆ ಶಾಲೆಯ ಮೇಷ್ಟರಿಂದ. ಆದರೆ ಒಂದು ಪ್ರಶ್ನೆ ಕೇಳಿದೆ: ‘ಅವಾಗ ಆ ಶಾಲೆ ಫೀಸ್ ಎಷ್ಟಿತ್ತಮ್ಮ?’

‘ಇವತ್ತಿಗೂ ಗೊತ್ತಿಲ್ಲಪ್ಪ’ ಎಂದು ಅಮ್ಮ ಮತ್ತೆ ಯಂತ್ರ ತುಳಿಯತೊಡಗಿದಳು.

ಆಗ ರಾತ್ರಿ ಹತ್ತು ಗಂಟೆ. ಡ್ಯಾಶ್‌ಬೋರ್ಡ್ ತೆರೆದರೆ ಆ ಕ್ಷಣದಲ್ಲಿ ಫೀಸ್ ಪುಟದಲ್ಲಿ ಮೂವರಿದ್ದರು. ಅವರಿಗೆ ನಾನು ಕಟ್ಟಿಟ್ಟದ್ದು ಅಮ್ಮನಿಗೆ ಎದುರಾದ ಅದೇ ಗೇಟು.

ಕಾರ್ಯದರ್ಶಿಯವರ ಪ್ರಶ್ನೆ

ಕಣ್ಣೀರಿನ ಕಥೆ ಹೇಳಿದರೆ ಶಾಲೆಯವರು ಒಪ್ಪುವುದಿಲ್ಲ ಎಂದು ಗೊತ್ತಿತ್ತು. ಲೆಕ್ಕ ತೆಗೆದೆ. ಆ ಫಾರ್ಮ್‌ನಿಂದ ಎರಡು ತಿಂಗಳಲ್ಲಿ ಬಂದ ಹೆಸರು 214. ಅದರಲ್ಲಿ ತಪ್ಪು ನಂಬರ್, ಎರಡೆರಡು ಸಲ ತುಂಬಿದವರು, ಹತ್ತೂ ಅಂಕಿ ಒಂದೇ ಒತ್ತಿದವರು ಬೇಕಾದಷ್ಟು. ಶಾಲೆಗೆ ಬಂದವರು 19. ಮಗುವನ್ನು ಸೇರಿಸಿದವರು 5. ಅಷ್ಟಕ್ಕೆ ಶಾಲೆ ನಮಗೆ ಕೊಟ್ಟಿದ್ದು 214 ಲೀಡ್‌ಗಳ ಹಣ. ಮೇಡಂ ಫೋನಿನಲ್ಲಿ ಕಳೆದ ಗಂಟೆಗಳನ್ನು ಯಾರೂ ಎಣಿಸಿರಲಿಲ್ಲ.

ಕಾರ್ಯದರ್ಶಿಯವರು ಕೆಟ್ಟವರಲ್ಲ. ತಂದೆ ಕಟ್ಟಿದ ಶಾಲೆಯನ್ನು ಹೇಗೋ ನಡೆಸಿಕೊಂಡು ಹೋಗುತ್ತಿರುವವರು. ಅವರ ಪ್ರಶ್ನೆಯಲ್ಲೂ ಹುರುಳಿತ್ತು. ‘ಫೀಸ್ ಬಹಿರಂಗ ಹಾಕಿದ್ರೆ ಪಕ್ಕದ ಶಾಲೆಯವರು ನಾಳೆಯೇ ಸಾವಿರ ಕಡಿಮೆ ಅಂತ ಫ್ಲೆಕ್ಸ್ ಹಾಕ್ತಾರೆ. ಬರೀ ಅಂಕಿ ನೋಡಿದೋರಿಗೆ ನಮ್ಮ ಟೀಚರ್‌ಗಳು ಹೇಗಿದ್ದಾರೆ ಅಂತ ಹೇಗೆ ಗೊತ್ತಾಗಬೇಕು? ಒಮ್ಮೆ ಒಳಗೆ ಬಂದ್ರೆ ತಾನೇ?’

ನಾನು ಬೇರೆ ಶಾಲೆಗಳ ವೆಬ್‌ಸೈಟ್ ತೋರಿಸಿದೆ. ಸಿಬಿಎಸ್‌ಇಗೆ ಸೇರಿದ ಶಾಲೆಗಳು ತಮ್ಮ ವೆಬ್‌ಸೈಟ್‌ನಲ್ಲಿ ‘ಮ್ಯಾಂಡೇಟರಿ ಪಬ್ಲಿಕ್ ಡಿಸ್‌ಕ್ಲೋಷರ್’ ಎಂಬ ಪುಟ ಇಡಲೇಬೇಕು. ಮಾನ್ಯತೆಯ ಪತ್ರ, ಕಟ್ಟಡ ಸುರಕ್ಷತೆ, ಅಗ್ನಿ ಸುರಕ್ಷತೆ, ಶಿಕ್ಷಕರ ಸಂಖ್ಯೆ, ಫಲಿತಾಂಶ, ಇವುಗಳ ಜೊತೆ ಶುಲ್ಕದ ವಿವರವೂ ಅಲ್ಲಿರಬೇಕು. ಎಷ್ಟೋ ಶಾಲೆಗಳು ಅದನ್ನು ಮೂಲೆಯಲ್ಲಿ, ಸೊಟ್ಟಗೆ ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿ ಇಟ್ಟಿರುತ್ತವೆ ನಿಜ. ಆದರೂ ಫೀಸ್ ಹಾಕಿದ್ದಕ್ಕೆ ಆ ಶಾಲೆಗಳೇನೂ ಬಾಗಿಲು ಮುಚ್ಚಿಲ್ಲ. ‘ನಾವು ಸಿಬಿಎಸ್‌ಇ ಅಲ್ಲವಲ್ಲ’ ಎಂದರು ಕಾರ್ಯದರ್ಶಿ.

ಕೊನೆಗೆ ಮಾತಾಡಿದ್ದು ಮುಖ್ಯೋಪಾಧ್ಯಾಯಿನಿ. ‘ಸರ್, ಹೇಗೂ ಪಕ್ಕದ ಶಾಲೆಯವರಿಗೆ ನಮ್ಮ ಫೀಸ್ ಗೊತ್ತು. ಅವರ ಫೀಸ್ ನಮಗೆ ಗೊತ್ತು. ಗೊತ್ತಿಲ್ಲದಿರೋದು ಪೋಷಕರಿಗೆ ಮಾತ್ರ.’

ಒಂದು ತಿಂಗಳ ಪ್ರಯೋಗಕ್ಕೆ ಒಪ್ಪಿಗೆ ಸಿಕ್ಕಿತು. ಬಾಸ್‌ಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಲೀಡ್ ಬಿದ್ದುಹೋದ್ರೆ ಬಿಲ್ ಬೀಳುತ್ತೆ. ನಿನ್ನ ಸ್ಟೈಪೆಂಡ್ ಬರೋದೂ ಅದರಿಂದಲೇ ಮಾರಾಯ.’ ಅದೂ ನಿಜವೇ. ಮಾರ್ಚ್‌ನ ಸ್ಟೈಪೆಂಡ್ ಅರ್ಧವೇ ಬಂತು. ಯಾಕೆಂದು ನಾನು ಕೇಳಲಿಲ್ಲ.

ಹೊಸ ಪುಟ ಕನ್ನಡದಲ್ಲಿತ್ತು. ತರಗತಿವಾರು ಶುಲ್ಕ, ಪುಸ್ತಕ, ಸಮವಸ್ತ್ರ, ಊರುವಾರು ಬಸ್ ದರ, ಎಷ್ಟು ಕಂತು, ಯಾವ ತಿಂಗಳು, ಎಲ್ಲ ಸೇರಿ ವರ್ಷಕ್ಕೆ ಎಷ್ಟು ಎಂದು ಕೊನೆಯಲ್ಲಿ ಒಟ್ಟು ಮೊತ್ತ. ಕೋಷ್ಟಕದ ಕೆಳಗೆ ಮುಖ್ಯೋಪಾಧ್ಯಾಯಿನಿಯವರ ಒಂದು ಟಿಪ್ಪಣಿ: ಇದರ ಹೊರತಾಗಿ ಬೇರೇನೂ ಕೇಳುವುದಿಲ್ಲ. ಫಾರ್ಮ್ ಇತ್ತು, ಆದರೆ ಕೆಳಗೆ, ಬೇಕಾದವರಿಗೆ ಮಾತ್ರ. ಅದರಲ್ಲಿ ಕೇಳುತ್ತಿದ್ದುದು ಎರಡೇ ವಿಷಯ: ಫೋನ್ ನಂಬರ್, ಯಾವ ತರಗತಿಗೆ.

ಆರು ವರ್ಷದ ಲೆಕ್ಕ

ಗೂಗಲ್‌ನ ಸರ್ಚ್ ಕನ್ಸೋಲ್ ಎಂಬ ಉಚಿತ ಸೌಲಭ್ಯದಲ್ಲಿ ಜನ ಯಾವ ಪದ ಬರೆದು ಹುಡುಕಿದಾಗ ನಮ್ಮ ವೆಬ್‌ಸೈಟ್ ಕಾಣಿಸಿತು ಎಂದು ನೋಡಬಹುದು. ಫೀಸ್ ಬಿಟ್ಟರೆ ಆ ಬೇಸಿಗೆಯಲ್ಲಿ ಜನ ಹೆಚ್ಚು ಕೇಳುತ್ತಿದ್ದುದು ವಯಸ್ಸಿನ ಬಗ್ಗೆ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬ ನಿಯಮ ರಾಜ್ಯದಲ್ಲಿ 2025–26ರಿಂದ ಜಾರಿಗೆ ಬರಬೇಕಿತ್ತು. ಯುಕೆಜಿ ಮುಗಿಸಿದ, ಆದರೆ ಆರಕ್ಕೆ ಕೆಲವೇ ವಾರ ಕಡಿಮೆ ಇರುವ ಮಕ್ಕಳ ತಂದೆತಾಯಿ ಗಾಬರಿಯಾಗಿದ್ದರು.

ನಾನು ಒಂದು ಸಣ್ಣ ಪುಟ ಮಾಡಿದೆ. ಮಗುವಿನ ಹುಟ್ಟಿದ ದಿನಾಂಕ ಹಾಕಿದರೆ ಯಾವ ತರಗತಿಗೆ ಅರ್ಹ ಎಂದು ಕನ್ನಡದಲ್ಲಿ ಹೇಳುವಂಥದ್ದು. ಲೆಕ್ಕ ಅವರ ಮೊಬೈಲ್‌ನೊಳಗೇ ನಡೆಯುತ್ತಿತ್ತು. ದಿನಾಂಕ ನಮ್ಮಲ್ಲಿಗೆ ಬರುತ್ತಿರಲಿಲ್ಲ. ಏಪ್ರಿಲ್ ನಡುವಿನಲ್ಲಿ ಸರ್ಕಾರ ಆ ಒಂದು ವರ್ಷಕ್ಕೆ ಮಾತ್ರ ಸಡಿಲಿಕೆ ಕೊಟ್ಟಿತು: ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ 5 ವರ್ಷ 5 ತಿಂಗಳಾದರೂ ಸಾಕು. ಸುದ್ದಿ ನೋಡಿದ ಸಂಜೆ ಲ್ಯಾಬ್ ರೆಕಾರ್ಡ್ ಬರೆಯುವುದನ್ನು ಬದಿಗಿಟ್ಟು ಪುಟ ತಿದ್ದಿದೆ. ತಿದ್ದದೆ ಬಿಟ್ಟಿದ್ದರೆ ನನ್ನ ಪುಟ ನಂಬಿದ ಯಾರೋ ಮಗುವನ್ನು ಇನ್ನೊಂದು ವರ್ಷ ಯುಕೆಜಿಯಲ್ಲೇ ಕೂರಿಸುತ್ತಿದ್ದರು. ಉತ್ತರ ಬರೆದಿಡುವುದಷ್ಟೇ ಅಲ್ಲ, ಅದು ಹಳಸದಂತೆ ನೋಡಿಕೊಳ್ಳುವುದೂ ಈ ಕೆಲಸದ ಭಾಗ ಎಂದು ಅವತ್ತು ಅರ್ಥವಾಯಿತು.

ಆ ಒಂದು ಪುಟ ಪೋಷಕರ ಗ್ರೂಪುಗಳಲ್ಲಿ ಓಡಾಡಿತು. ಅದನ್ನು ನೋಡಿದವರಲ್ಲಿ ಹೆಚ್ಚಿನವರು ನಮ್ಮ ಶಾಲೆಗೆ ಸೇರುವವರಲ್ಲ. ಪರವಾಗಿಲ್ಲ. ಶಾಲೆಯ ಹೆಸರು ಮೊದಲ ಸಲ ಒಂದು ಉಪಯೋಗಕ್ಕೆ ಬಂದ ವಿಷಯದ ಜೊತೆ ಮನೆಮನೆಗೆ ಹೋಗಿತ್ತು.

ಮಕ್ಕಳ ಪುಟದಲ್ಲೊಂದು ಕಣ್ಣು

ವೆಬ್‌ಸೈಟ್‌ನ ಕೋಡ್ ಸ್ವಚ್ಛ ಮಾಡುವಾಗ ಇನ್ನೊಂದು ತಪ್ಪು ಸಿಕ್ಕಿತು. ಜಾಹೀರಾತಿಗಾಗಿ ಹಾಕಿದ್ದ ‘ಪಿಕ್ಸೆಲ್’ ಎಂಬ ಕೋಡ್ ತುಣುಕು. ನಮ್ಮ ಪುಟ ನೋಡಿದವರಿಗೆ ಬೇರೆಡೆಯೂ ನಮ್ಮ ಜಾಹೀರಾತು ಕಾಣಿಸುವಂತೆ ಮಾಡುವುದು ಅದರ ಕೆಲಸ. ಅದನ್ನು ಎಲ್ಲ ಪುಟಗಳಿಗೂ ಹೊಂದಿಕೊಂಡಿರುವ ಮೇಲ್ಭಾಗದಲ್ಲಿ ಅಂಟಿಸಿದ್ದರಿಂದ ವಿದ್ಯಾರ್ಥಿಗಳು ಹೋಮ್‌ವರ್ಕ್ ನೋಡಲು ಲಾಗಿನ್ ಆಗುವ ಪುಟಕ್ಕೂ ಅದು ಸೇರಿಬಿಟ್ಟಿತ್ತು. ಅಂದರೆ ಆರನೇ ತರಗತಿಯ ಹುಡುಗ ಯಾವಾಗ, ಎಷ್ಟು ಸಲ ಪುಟ ತೆರೆದ ಎಂಬ ಸುಳಿವು ಜಾಹೀರಾತಿನವರಿಗೆ ಹೋಗುತ್ತಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ. ಯಾರೂ ಯೋಚಿಸಿರಲಿಲ್ಲ, ಅಷ್ಟೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ನಾನು ಓದಿದ್ದು ಆಗ. ಅದರ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಅವರ ಚಲನವಲನದ ಜಾಡು ಹಿಡಿಯುವುದನ್ನೂ ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವುದನ್ನೂ ಕಾಯ್ದೆ ನಿಷೇಧಿಸುತ್ತದೆ. ಮಕ್ಕಳ ವಿಷಯದ ಹೊಣೆ ತಪ್ಪಿದರೆ ದಂಡ ₹200 ಕೋಟಿವರೆಗೂ ಹೋಗಬಹುದು. ಅಂಕಿ ಹೇಳಿದ ತಕ್ಷಣ ಬಾಸ್, ‘ಮೊದಲು ತೆಗಿ ಅದನ್ನ’ ಎಂದರು. ನಾನು ಹಿಂದೆ ಫಾರ್ಮ್‌ನಲ್ಲಿ ಸಂಗ್ರಹಿಸಿದ್ದ ಮಕ್ಕಳ ಹೆಸರು, ಹುಟ್ಟಿದ ದಿನಾಂಕಗಳ ಹಾಳೆಯನ್ನೂ ಶಾಲೆಯವರಿಗೆ ಹೇಳಿ ಅಳಿಸಿದೆ. 214 ಮನೆಗಳ ಮಾಹಿತಿ ಎರಡು ತಿಂಗಳು ನನ್ನ ಲ್ಯಾಪ್‌ಟಾಪ್‌ನಲ್ಲಿ ಪಾಸ್‌ವರ್ಡ್ ಇಲ್ಲದೆ ಬಿದ್ದಿತ್ತು ಎಂಬುದನ್ನು ಬರೆಯಲು ಈಗಲೂ ನಾಚಿಕೆ.

ಎಣಿಕೆಗೆ ಸಿಗದವರು

ಮಾರ್ಚ್, ಏಪ್ರಿಲ್ ಎರಡು ತಿಂಗಳಲ್ಲಿ ಬಂದ ಲೀಡ್ 38. ಕಂಪನಿಯ ಲೆಕ್ಕದಲ್ಲಿ ಇದು ದೊಡ್ಡ ಸೋಲು. ಆದರೆ ಆ 38ರಲ್ಲಿ ಶಾಲೆಗೆ ಬಂದವರು 24. ಜೂನ್ ಹೊತ್ತಿಗೆ ದಾಖಲಾತಿ ಹಿಂದಿನ ವರ್ಷಕ್ಕಿಂತ ಏಳು ಮಕ್ಕಳಷ್ಟು ಹೆಚ್ಚಾಯಿತು. ಇದು ಫೀಸ್ ಪುಟದಿಂದಲೇ ಆದದ್ದು ಎಂದು ನಾನು ಹೇಳಲಾರೆ. ಅದೇ ವರ್ಷ ಶಾಲೆ ಹೊಸ ಬಸ್ ಮಾರ್ಗವನ್ನೂ ಶುರು ಮಾಡಿತ್ತು. ಪಕ್ಕದ ಶಾಲೆ ಫ್ಲೆಕ್ಸ್ ಹಾಕಲಿಲ್ಲ. ಮುಂದಿನ ವರ್ಷವೂ ಪುಟ ಹೀಗೇ ಇರುತ್ತದೆಯೇ ಎಂದರೆ ಕಾರ್ಯದರ್ಶಿಯವರು ‘ನೋಡೋಣ’ ಎನ್ನುತ್ತಾರೆ.

ಬದಲಾದದ್ದು ಏನು ಎಂದು ಆಫೀಸ್ ಮೇಡಂ ಸರಿಯಾಗಿ ಹೇಳಿದರು. ‘ಈಗ ಫೋನ್ ಮಾಡಿದೋರು ಫೀಸ್ ಕೇಳಲ್ಲ. ಬಸ್ ನಮ್ಮೂರಿಗೆ ಬರುತ್ತಾ, ಮಗು ಊಟ ಮಾಡದಿದ್ರೆ ಯಾರು ನೋಡ್ಕೋತಾರೆ, ಅದನ್ನ ಕೇಳ್ತಾರೆ.’ ಕಾರ್ಯದರ್ಶಿಯವರು ಜನರಿಗೆ ಒಳಗೆ ಬಂದಾಗ ಮಾತ್ರ ಗೊತ್ತಾಗುತ್ತದೆ ಎಂದಿದ್ದ ವಿಷಯಗಳು, ಅಂಕಿ ಗೊತ್ತಾದ ಮೇಲೆ ಫೋನಿನಲ್ಲೇ ಶುರುವಾಗಿದ್ದವು.

ಇನ್ನೂ ಒಂದು ಗುಂಪಿದೆ. ರಾತ್ರಿ ಹತ್ತಕ್ಕೆ ಫೀಸ್ ಪುಟ ತೆರೆದು, ಕೊನೆಯ ಒಟ್ಟು ಮೊತ್ತದವರೆಗೆ ಓದಿ, ಫಾರ್ಮ್ ತುಂಬದೆ, ಫೋನ್ ಮಾಡದೆ ಹೋದವರು. ಅನಲಿಟಿಕ್ಸ್ ಭಾಷೆಯಲ್ಲಿ ಅವರು ‘ಎಕ್ಸಿಟ್’, ಕೈತಪ್ಪಿದ ಗಿರಾಕಿ. ನನ್ನ ಲೆಕ್ಕದಲ್ಲಿ ಅವರು ಒಂದು ದಿನದ ಕೂಲಿ ಬಿಟ್ಟು, ಒಳ್ಳೆಯ ಸೀರೆ ಉಟ್ಟು ಬಂದು, ತಲೆ ತಗ್ಗಿಸಿ ವಾಪಸ್ ಹೋಗುವುದು ತಪ್ಪಿದವರು. ಇದನ್ನು ಎಣಿಸುವ ಕಾಲಂ ಯಾವ ಡ್ಯಾಶ್‌ಬೋರ್ಡ್‌ನಲ್ಲೂ ಇಲ್ಲ. ಅಪ್ಪ ಮೊದಲ ದಿನವೇ ಕೇಳಿದ್ದು ಇದನ್ನೇ.

ನನ್ನಂತೆ ಈ ಕ್ಷೇತ್ರಕ್ಕೆ ಕಾಲಿಡುತ್ತಿರುವ ಗೆಳೆಯ ಗೆಳತಿಯರು ಬಹಳ ಜನ ಇದ್ದೀರಿ. ಕೋರ್ಸ್‌ಗಳಲ್ಲಿ ಲೀಡ್ ಹೆಚ್ಚಿಸುವುದು ಹೇಗೆಂದು ಚೆನ್ನಾಗಿ ಕಲಿಸುತ್ತಾರೆ. ಅದರ ಜೊತೆ ಒಂದು ಕೆಲಸ ನೀವಾಗಿ ಮಾಡಿ. ನಿಮ್ಮ ಪಟ್ಟಿ ಎಲ್ಲಿಗೆ ಹೋಗುತ್ತದೋ ಆ ಫೋನಿನ ಪಕ್ಕ ಒಂದು ಮಧ್ಯಾಹ್ನ ಕೂತು ಕೇಳಿಸಿಕೊಳ್ಳಿ.

ಆ ಪುಟ ಸಿದ್ಧವಾದ ರಾತ್ರಿ ಅಮ್ಮನಿಗೆ ಮೊಬೈಲ್‌ನಲ್ಲಿ ತೋರಿಸಿದ್ದೆ. ಕನ್ನಡಕ ಹಾಕಿಕೊಂಡು ಕೋಷ್ಟಕವನ್ನು ಮೇಲಿನಿಂದ ಕೆಳಗಿನವರೆಗೆ, ಬಟ್ಟೆಯ ಅಳತೆ ನೋಡುವಂತೆ ಬೆರಳಿಟ್ಟು ಓದಿದಳು. ಕಂತಿನ ಸಾಲಿಗೆ ಬಂದಾಗ ಬೆರಳು ನಿಂತಿತು.

‘ಮೂರು ಕಂತಿನಾಗೆ ಕಟ್ಟಬಹುದಾ? ಹಂಗಾದ್ರೆ ಆಗ ಅಲ್ಲೂ ಇತ್ತೇನೋ. ನಾನು ಕೇಳಲೇ ಇಲ್ಲ ನೋಡು.’